ಹೆಂಚು ಇಳಿಸಿದ ಮೇಲೆ ಏರಿದ ಮರಳು

…ಹೆದ್ರಿಕೆ ಅಂತೀರಲ್ಲ, ಮನೆಯೊಳಗೆ ನಿಂತು ತಲೆ ಮೇಲೆ ಕರೀ ಮೋಡ ನೋಡಿದೀರಾ? ನಾನು ನೋಡಿದೀನಿ. ಭದ್ರಾವತಿ ಹಳೇ ನಗರದಲ್ಲಿ ನಮ್ದು ಮಣ್ಣುಗೋಡೆ ಮನೆ. ಯುಗಾದಿ ಮುಗಿದಿತ್ತು, ಅಲ್ಲ ಅಲ್ಲ, ಯುಗಾದಿ ಇನ್ನೂ ಬಂದಿರ್ಲಿಲ್ಲ, ನಿಮ್ಮಜ್ಜ ಅದನ್ನ ಕೆಡವಿ ಆರ್‌ಸಿಸಿ ಮನೆ ಕಟ್ಸೋಣ ಅಂತ ಮೊದ್ಲು ಹೆಂಚು ಇಳಿಸಿಬಿಟ್ರು. ನಮ್ಮತ್ತೆ ಸೊಂಟ ಮುರ್ಕೊಂಡು ಮಲಗಿದ್ರು, ಅವ್ರ ಕೋಣೆ ಮೇಲೆ ಮಾತ್ರ ತಗಡು. ಅಷ್ಟೊತ್ತಿಗೇ ಸರ್ಕಾರದ ಕೆಲ್ಸ ಶುರುವಾಯ್ತು ನೋಡಿ! ಶಿವಮೊಗ್ಗಕ್ಕೆ ರಸ್ತೆ, ಇಲ್ಲಿ ಸೇತುವೆ, ಅಲ್ಲಿ ಸವಳಂಗ ರಸ್ತೇಲಿ ಚರಂಡಿ, ಎಲ್ಲ ಒಟ್ಟಿಗೇ. ಒಳ್ಳೇದೇ, ನಾನೂ ಖುಷಿಪಟ್ಟೆ. ಆದ್ರೆ ಮರಳು, ಜಲ್ಲಿ, ಕಬ್ಬಿಣ ಎಲ್ಲ ಅಲ್ಲಿಗೇ ಹೋಯ್ತು. ಬೆಳಿಗ್ಗೆ ಕೇಳಿದ ಸಿಮೆಂಟ್ ರೇಟು ಸಂಜೆಗಿಲ್ಲ. ಮರಳು ಲಾರಿ ಬಸಣ್ಣ, "ಅಕ್ಕಾ, ಹೊಳೇಲಿ ಮರಳು ಇದ್ದಷ್ಟೇ ಇದೆ, ಕೊಳ್ಳೋಕೆ ಸರ್ಕಾರದಂಥ ದೊಡ್ಡೋನು ಬಂದ, ರೇಟು ಏರ್ತು. ನಾನೇನ್ ಮಾಡ್ಲಿ?" ಅಂದ. ಮೇಸ್ತ್ರಿ ಮುರುಗೇಶ ತಲೆ ಕೆರ್ಕೊಂಡು ನಿಂತ. "ಅಮ್ಮಾ, ಅಲ್ಲಿ ಕೂಲಿ ಜಾಸ್ತಿ. ಅಕ್ಕಿ ಬೇಳೆ ನನಗೂ ಏರಿದೆಯಲ್ಲಮ್ಮಾ." ಹೋಗಪ್ಪ ಅಂದೆ.

ಹೀಗೇ ಕಾಯ್ತಾ ಕಾಯ್ತಾ ಮಳೆಗಾಲ ಬಂದೇಬಿಡ್ತು. ಒಂದು ಮಧ್ಯಾಹ್ನ, ಧೋ ಅಂತ. ಅತ್ತೆ ಕೋಣೆ ಗೋಡೆ ನೆಂದು ನೆಂದು ಬಸುರಿ ಹೊಟ್ಟೆ ಥರ ಉಬ್ಬಿತ್ತು. ಪುಸಪುಸ ಮಣ್ಣು ಉದುರ್ತಿತ್ತು, ಗೊತ್ತಾ, ಯಾರೋ ಉಸಿರು ಬಿಟ್ಟ ಹಾಗೆ. "ರೀ, ಅತ್ತೇನ ಹೊರಗೆ ತರ್ಬೇಕು!" ಅಂದೆ. ಅಜ್ಜ, "ಮಳೆ ನಿಲ್ಲಲಿ ಮಾರಾಯ್ತಿ, ಅವ್ವಂಗೆ ಅಲುಗಿದ್ರೆ ನೋವು" ಅಂದ್ರು. "ನೋವಾಗ್ಲಿ, ಹಿಡೀರಿ ಅಂದ್ರೆ ಹಿಡೀರಿ!" ಜಮಖಾನದ ಮೂಲೆ ಹಿಡಿದು ಎತ್ತಿದ್ವಿ. ಅತ್ತೆ ಕಿರುಚ್ತಾರೆ, "ಕೊಲ್ತೀಯೇನೇ ನನ್ನ!" ಎದುರುಮನೆ ಜಗಲಿ ಮುಟ್ಟಿದ್ವೋ ಇಲ್ವೋ, ಹಿಂದೆ ಧೊಪ್ ಅಂತು. ತಿರುಗಿ ನೋಡಿದ್ರೆ ಮಂಚ ಇಲ್ಲ, ಬರೀ ಮಣ್ಣು. ಅತ್ತೆ ನನ್ನ ಸೆರಗು ಹಿಡ್ಕೊಂಡೋರು ಸಂಜೆವರೆಗೂ ಬಿಡ್ಲಿಲ್ಲ.

ಮುಂದಿನ ಬೇಸಿಗೆವರೆಗೂ ಬಾಡಿಗೆ ಕೋಣೇಲಿದ್ವಿ. ರಸ್ತೆ ಮುಗಿದ್ಮೇಲೆ ಮುರುಗೇಶ ತಾನಾಗೇ ಬಂದು ಕಟ್ಟಿಕೊಟ್ಟ. ರೇಟು ಮಾತ್ರ ಹಳೇ ಜಾಗಕ್ಕೆ ಇಳೀಲೇ ಇಲ್ಲ, ದೊಡ್ಡ ಮನೆ ಅಂದ್ಕೊಂಡಿದ್ದು ಸಣ್ಣದಾಯ್ತು. ರಸ್ತೆ ಬೇಡ ಅಂತೀನಾ? ಛೇ! ಅದೇ ರಸ್ತೇಲಿ ಅತ್ತೇನ ಶಿವಮೊಗ್ಗದ ಆಸ್ಪತ್ರೆಗೆ ಒಂದು ಚೂರೂ ಕುಲುಕದ ಹಾಗೆ ಕರ್ಕೊಂಡು ಹೋದ್ವಿ. ಆದ್ರೂ ನೆನಪಿಟ್ಕೊಳ್ಳಿ, ಸಾಹುಕಾರ್ರ ಮನೇಲಿ ಮದ್ವೆ ಇದ್ದ ದಿನ ನಾವು ಅಡುಗೆಭಟ್ರನ್ನ ಹುಡುಕ್ಬಾರ್ದು.