ನೋಟ್ಸಿನಲ್ಲಿ ಇಲ್ಲದ ಇಂಗ್ಲಿಷ್

ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸು, ಇಂಗ್ಲಿಷ್ ಮಾಸ್ತರನಾದ ತನ್ನ ತಮ್ಮನ ಮೇಲೆ ಹರಿಹಾಯುತ್ತಿದ್ದಳು.

“ಒಂದ ಮಾರ್ಕಿಗೆ ನನ್ನ ಮಗಳನ್ನ ನಾಪಾಸ ಮಾಡಿದೆಲ್ಲೋ ಗುರುಸಿದ್ದ!”

“ನಾ ಬರಿಸಿದ್ದು ‘ಫೈಂಡ್ ಔಟ್’ ಅಷ್ಟ, ಅಕ್ಕ. ಆಕಿ ‘ಟ್ರೈ ಟು ಫೈಂಡ್ ಔಟ್’ ಅಂತ ಬರದಾಳ.”

“ತಪ್ಪೇನ ಅದು?”

“ತಪ್ಪಲ್ಲ. ನನ್ನ ನೋಟ್ಸಿನ್ಯಾಗ ಇಲ್ಲ.”

“ದವಾಖಾನಿ ಡಾಕ್ಟರಬಾಯಿ ದಿನಾ ಹಂಗ ಮಾತಾಡ್ತಾಳ. ಅದನ್ನ ಕೇಳಿ ಕಲತಾಳ ಹುಡುಗಿ.”

“ಡಾಕ್ಟರಬಾಯಿ ಪೇಪರ ತಿದ್ದಂಗಿಲ್ಲ. ಮುಂದಿನ ವರ್ಷ ಕುಂದರ್ಲಿ.”

“ನರ್ಸ್ ಟ್ರೇನಿಂಗಿನ ಅರ್ಜಿಗೆ ನಾಳೆ ಕಡೀ ದಿನ. ನಾಪಾಸಾದ್ರ ಲಗ್ನ ಅಂತ ಅವರಪ್ಪ ಕುಂತಾನ. ಆ ಮಾರ್ಕು ಕೊಡ್ತೀಯೋ ಇಲ್ಲೋ?”

“ಒಮ್ಮೆ ಹಾಕಿದ ಮಾರ್ಕು ತಿದ್ದಿದ್ರ ನನ್ನ ಮರ್ಯಾದಿ ಏನಾಗಬೇಕು?”

ನೇಸರಿ ಊರಿಗೆ ಹೋಗುವ ಬಸ್ಸು ಬಂತು. ಆಕೆ ಹತ್ತಿ ಕುಳಿತು, ಪಕ್ಕದಲ್ಲಿ ಉಳಿದಿದ್ದ ಒಂದೇ ಖಾಲಿ ಸೀಟಿನ ಮೇಲೆ ತನ್ನ ಚೀಲ ಇಟ್ಟಳು. ಮಾಸ್ತರ ಕಂಬಿ ಹಿಡಿದು ನಿಂತುಕೊಂಡೇ ಹೋದ.