ಅರ್ಧ ಅಂದ್ರೆ ಅರ್ಧ ಆಟ ಅಲ್ಲ

ಈ ಶ್ರದ್ಧಾಂಜಲಿ ಸಭೆಗೆ ಬಂದಿರುವ ಹಿರಿಯರಿಗೆ, ಆಟಗಾರರಿಗೆ, ನನ್ನ ಜತೆ ಕೆಲಸ ಮಾಡುವ ಎಲ್ಲರಿಗೂ ನಮಸ್ಕಾರ. ಅತ್ತಿಗೆ, ನಿಮಗೂ — ನಿಮಗೆ ಏನು ಹೇಳ್ಬೇಕು ಅಂತ ನಾಲ್ಕು ದಿನದಿಂದ ಯೋಚನೆ ಮಾಡಿದೆ, ಇನ್ನೂ ಗೊತ್ತಾಗಿಲ್ಲ. ಮಗಳೇ, ನೀನು ಯಾಕೆ ಅಲ್ಲಿ ಬಾಗಿಲ ಹತ್ರ ಕೂತಿದೀಯ? ಮುಂದೆ ಬಾ, ಅಮ್ಮನ ಪಕ್ಕ ಕೂತ್ಕೋ. ಆ ಕುರ್ಚಿಗೆ ‘ಪದಾಧಿಕಾರಿಗಳಿಗೆ’ ಅಂತ ಚೀಟಿ ಅಂಟಿಸಿದಾರೆ. ಪರವಾಗಿಲ್ಲ, ಕಿತ್ತು ಹಾಕಿ ಕೂತ್ಕೋ. ಯಾರಾದ್ರೂ ಕೇಳಿದ್ರೆ ನಾನು ಹೇಳ್ತೀನಿ.

ಅಧ್ಯಕ್ಷರಿಗೂ ಸಮಿತಿಯವರಿಗೂ ನಮಸ್ಕಾರ. ಮರೆತುಬಿಟ್ಟೆ ಅಂದ್ಕೋಬೇಡಿ. ನಿಮ್ಮ ಹತ್ರ ಆಮೇಲೆ ಬರ್ತೀನಿ.

ನಾನು ಎರಡನೇ ಕಿಟಕಿಯವಳು. ಹತ್ತೊಂಬತ್ತು ವರ್ಷದಿಂದ ಈ ಫುಟ್‌ಬಾಲ್ ಕ್ಲಬ್ಬಿನಲ್ಲಿ ಟಿಕೆಟ್ ಕೊಡ್ತಿದೀನಿ. ನನ್ನ ಎಡಗಡೆ, ಮೂರನೇ ಕಿಟಕಿ — ಅಲ್ಲಿ ಅವರು, ನಾವು ಕಳ್ಕೊಂಡ ಅಣ್ಣ. ನನಗೂ ಅವರಿಗೂ ನಡುವೆ ಒಂದು ಹಲಗೆ, ಅಷ್ಟೆ. ಹಲಗೆಯಲ್ಲಿ ಒಂದು ತೂತು ಇತ್ತು, ಚಿಲ್ಲರೆ ದಾಟಿಸೋಕೆ. ಚಿಲ್ಲರೆಗಿಂತ ಹೆಚ್ಚಾಗಿ ನಮ್ಮ ಜಗಳಗಳೇ ಆ ತೂತಿನಲ್ಲಿ ದಾಟಿವೆ.

ಕಾರ್ಯದರ್ಶಿಗಳು ನನಗೆ ಮೂರು ನಿಮಿಷ ಅಂದಿದಾರೆ. ಅವರ ಇಪ್ಪತ್ತೊಂಬತ್ತು ವರ್ಷದ ಕೆಲಸಕ್ಕೆ ಮೂರು ನಿಮಿಷ. ಸ್ವಲ್ಪ ಹೆಚ್ಚಾಗುತ್ತೆ ಸಾರ್, ಕ್ಷಮಿಸಿ. ಅಥವಾ ಕ್ಷಮಿಸಬೇಡಿ.

ಅವರನ್ನ ಊರೆಲ್ಲ ‘ಅರ್ಧಣ್ಣ’ ಅಂತಿತ್ತು. ಆರಡಿ ಆಳು, ಬಾಗಿಲಲ್ಲಿ ತಲೆ ತಗ್ಗಿಸಿ ಬರ್ತಿದ್ರು, ಹೆಸರು ನೋಡಿದ್ರೆ ಅರ್ಧಣ್ಣ! ಯಾಕೆ ಅಂತ ಇಲ್ಲಿರೋರಿಗೆಲ್ಲ ಗೊತ್ತು. ಅರವತ್ತು ದಾಟಿದವರಿಗೆ, ಹನ್ನೆರಡರ ಒಳಗಿನ ಮಕ್ಕಳಿಗೆ ಅರ್ಧ ಬೆಲೆ. ಆ ಟಿಕೆಟ್ ಅವರ ಕಿಟಕಿಯಲ್ಲಿ ಮಾತ್ರ. ಟಿಕೆಟ್ ಮೇಲೆ ‘ಅರ್ಧ’ ಅಂತ ನೀಲಿ ಮುದ್ರೆ. ಆ ಮುದ್ರೆ ಅವರು ಒತ್ತುತ್ತಿದ್ದ ಸದ್ದಿಗೆ ನನ್ನ ಕಿಟಕಿಯ ಚೌಕಟ್ಟು ನಡುಗ್ತಿತ್ತು. ‘ಮೆಲ್ಲಗೆ ಒತ್ತಿ ಅಣ್ಣ, ಅದು ಟಿಕೆಟ್ಟು, ಕಳ್ಳ ಅಲ್ಲ’ ಅಂತಿದ್ದೆ.

ಅವರು ಒಬ್ಬರನ್ನೂ ‘ನಿಮ್ಮ ವಯಸ್ಸೆಷ್ಟು’ ಅಂತ ಕೇಳಿದವರಲ್ಲ. ಒಂದು ಸಲವೂ ಕೇಳಿಲ್ಲ. ‘ನೀವು ನೋಡಿದ ಮೊದಲನೇ ಮ್ಯಾಚ್ ಯಾವುದು?’ ಅಂತ ಕೇಳೋರು. ಬಂದವರು ‘ಗೋಲಿನ ಕಂಬ ಮುರಿದು ಬಿತ್ತಲ್ಲ, ಆ ಮ್ಯಾಚು’ ಅನ್ನೋರು. ‘ಬೆಂಚ್ ಮೇಲೆ ಕೂತಿದ್ರೋ, ಅಪ್ಪನ ಹೆಗಲ ಮೇಲಿದ್ರೋ?’ ‘ಹೆಗಲ ಮೇಲೆ.’ ಅಷ್ಟೆ — ಢಂ! ಅರ್ಧ. ಯಾವ ಕಾರ್ಡೂ ಬೇಡ, ಯಾವ ಜೆರಾಕ್ಸೂ ಬೇಡ. ಸರದಿಯಲ್ಲಿ ಹಿಂದೆ ನಿಂತವರು ಬೈಯ್ಯೋದು ಬಿಟ್ಟು ಆ ಕಥೆ ಕೇಳ್ತಿದ್ರು.

ಅಲ್ಲಿ ಮೂರನೇ ಸಾಲಿನಲ್ಲಿ ನಮ್ಮ ನರ್ಸಮ್ಮ ಕೂತಿದಾರೆ. ಹೇಳ್ಲಾ ಅಮ್ಮ? — ಹೇಳ್ತೀನಿ ಬಿಡಿ. ನರ್ಸಮ್ಮನಿಗೆ ಅರವತ್ತು ಯಾವಾಗ ದಾಟಿತು ಅಂತ ಅವರಿಗೆ ಮಾತ್ರ ಗೊತ್ತು. ಕೂದಲು ಕಪ್ಪು, ಟಿಕೆಟ್ ಪೂರ್ತಿ. ಅಣ್ಣ ಊಹಿಸಿದ್ರೂ ಪೂರ್ತಿನೇ ಕೊಡ್ತಿದ್ರು. ಒಂದಿನ ಇವರು ಕಿಟಕಿಗೆ ಬಗ್ಗಿ, ಮೆಲ್ಲಗೆ, ‘ಇವತ್ತಿಂದ ಒಂದು ಅರ್ಧ ಕೊಡಿ’ ಅಂದ್ರು. ಅಣ್ಣ ಕಿಟಕಿಯಿಂದ ಆಚೆ ಇಣುಕಿ ನೋಡಿ ಏನಂದ್ರು ಗೊತ್ತಾ? ‘ಮೊಮ್ಮಗು ಎಲ್ಲಿ, ಕಾಣಿಸ್ತಾ ಇಲ್ಲ?’

ನಗಿ. ನಗಬಹುದು. ಅವರೂ ನಗ್ತಿದ್ರು.

ಈಗ ನಗು ನಿಲ್ಲಿಸೋ ಕಥೆಗೆ ಬರ್ತೀನಿ.

ಈ ವರ್ಷ ನಮ್ಮ ಸಮಿತಿ ಗೇಟಿನ ಕಾವಲು ಕಂಟ್ರಾಕ್ಟಿಗೆ ಕೊಟ್ಟಿತು. ಬಂದವರು ಪಾಪ, ಫುಟ್‌ಬಾಲ್ ಕಂಡವರಲ್ಲ. ಕಂಟ್ರಾಕ್ಟರು ಅವರಿಗೆ ಹೇಳಿದ್ದು ಒಂದೇ ಮಾತು: ಟಿಕೆಟ್ ಮೇಲೆ ಏನು ಬರೆದಿದೆಯೋ ಹಾಗೆ ನಡ್ಕೊಳ್ಳಿ. ಮೊದಲನೇ ಮ್ಯಾಚ್. ಅರ್ಧ ಆಟ ಮುಗಿದು ಸೀಟಿ ಊದಿದ್ರು. ಆ ಕಾವಲಿನವರು ಗ್ಯಾಲರಿಗೆ ಹತ್ತಿ, ನೀಲಿ ಮುದ್ರೆ ಇದ್ದವರನ್ನೆಲ್ಲ ಹುಡುಕಿ ಹುಡುಕಿ ಎಬ್ಬಿಸಿ — ಬೀದಿಗೆ ಕಳಿಸಿದ್ರು! ಅರ್ಧ ಟಿಕೆಟ್, ಅರ್ಧ ಆಟ. ನಿಮ್ಮದು ಮುಗೀತು, ಹೊರಡಿ.

ಹದಿನಾಲ್ಕು ಜನ. ಎಲ್ಲ ಅರವತ್ತು ದಾಟಿದವರು. ಒಬ್ಬರ ಕೈಯಲ್ಲಿ ಊರುಗೋಲು, ಒಬ್ಬರ ಕೈಯಲ್ಲಿ ಇನ್ನೂ ಕುಡಿದು ಮುಗಿಸದ ಟೀ. ಹಿಂದೆ ಗೇಟು ಹಾಕ್ಕೊಂಡಿತು. ಮಕ್ಕಳನ್ನ ಮಾತ್ರ ಮುಟ್ಟಲಿಲ್ಲ. ಯಾಕಂದ್ರೆ ಮಕ್ಕಳ ಜತೆ ಅವರ ಅಮ್ಮಂದಿರಿದ್ರು, ಅಮ್ಮಂದಿರಿಗೆ ಬಾಯಿತ್ತು.

ಅಣ್ಣ ಹೊರಗೆ ಓಡಿಬಂದ್ರು, ಹಿಂದೆ ನಾನು. ಕಾವಲಿನವನು ಕೈ ಮುಗಿದ. ‘ಸಾರ್, ಅರ್ಧ ಅಂತ ಬರೆದಿದೆ. ಅರ್ಧ ಆಯ್ತು. ನಂದೇನು ತಪ್ಪು?’ ಅವನದು ತಪ್ಪಿಲ್ಲ, ಅದು ನನಗೆ ಇವತ್ತಿಗೂ ಗೊತ್ತು. ಅಣ್ಣ ಆಫೀಸಿಗೆ ಫೋನ್ ಮಾಡಿದ್ರು. ಆಫೀಸು ಅಂದ್ರೆ ಮೇಲಿನ ಗಾಜಿನ ಕೋಣೆ, ಅಲ್ಲಿಂದ ಗೇಟು ಕಾಣಿಸುತ್ತೆ. ಉತ್ತರ ಏನು ಬಂತು? ‘ಮ್ಯಾಚ್ ಮುಗೀಲಿ, ನೋಡೋಣ.’

ಮ್ಯಾಚ್ ಮುಗಿದ ಮೇಲೆ ಏನು ನೋಡ್ತೀರಿ ಸಾರ್? ಹುಲ್ಲು ನೋಡ್ತೀರಾ?

ಅಣ್ಣ ಒಳಗೆ ಹೋಗಿ ಮೂರೂ ಕಿಟಕಿಯ ಸ್ಟೂಲುಗಳನ್ನ ಎತ್ಕೊಂಡು ಬಂದ್ರು. ನಿಲ್ಲೋಕಾಗದವರನ್ನ ಕೂರಿಸಿದ್ರು. ಮಿಕ್ಕವರು ಗೋಡೆಗೆ ಒರಗಿದ್ರು. ಆಮೇಲೆ ಗೋಡೆಗೆ ಕಿವಿ ಕೊಟ್ಟು — ಹೀಗೆ — ನಿಂತು, ಎರಡನೇ ಅರ್ಧ ಪೂರ್ತಿ ಅವರಿಗೆ ಹೇಳಿದ್ರು. ‘ಈ ಕೂಗು ಕಾರ್ನರ್ ಸಿಕ್ಕಿದ್ದು. — ತಡೀರಿ — ಈಗ ಹತ್ರ ಹೋಗಿ ತಪ್ಪಿತು. — ಇದು ರೆಫ್ರಿಗೆ ಬೈತಿರೋದು, ಬರ್ಕೊಳ್ಳೋದು ಬೇಡ.’ ನಮ್ಮ ಕಿಟಕಿಗಳ ಮುಖ ಬೀದಿಗೆ, ನಮ್ಮ ಬೆನ್ನು ಮೈದಾನಕ್ಕೆ. ಇಪ್ಪತ್ತೊಂಬತ್ತು ವರ್ಷ ಆ ಮನುಷ್ಯ ಈ ಕ್ಲಬ್ಬಿನ ಆಟವನ್ನ ಬೆನ್ನಿನಿಂದಲೇ ಕೇಳಿದವರು. ನಾವು ಗೆದ್ದಿದ್ದು ಒಳಗಿದ್ದವರಿಗಿಂತ ಮೊದಲು ಗೋಡೆಯಾಚೆ ಆ ಹದಿನಾಲ್ಕು ಜನಕ್ಕೆ ಗೊತ್ತಾಯ್ತು ಅಂತ ಅವರು ಪ್ರಮಾಣ ಮಾಡಿ ಹೇಳ್ತಿದ್ರು.

ತಪ್ಪು ಯಾರಿಂದ ಆದ್ರೂ ಆಗುತ್ತೆ. ಕಾವಲಿನವರಿಗೆ ಒಂದು ಮಾತು ತಿಳಿಸಿದ್ರೆ ಮುಗಿದುಹೋಗ್ತಿತ್ತು — ಅರ್ಧ ಅಂದ್ರೆ ಅರ್ಧ ಬೆಲೆ, ಅರ್ಧ ಆಟ ಅಲ್ಲ. ಏಳೇ ಶಬ್ದ! ನಮ್ಮ ಸಮಿತಿ ಏನು ಮಾಡಿತು? ಗುರುವಾರ ನೋಟೀಸು ಅಂಟಿಸಿತು. ‘ಗೊಂದಲ ನಿವಾರಣೆಗಾಗಿ ಅರ್ಧ ಬೆಲೆಯ ಟಿಕೆಟ್‌ಗಳನ್ನು ರದ್ದುಪಡಿಸಲಾಗಿದೆ.’ ನೆಗಡಿ ಬಂತು ಅಂತ ಮೂಗೇ ಕೊಯ್ಕೊಂಡ್ರು. ಅದೂ ತಮ್ಮ ಮೂಗಲ್ಲ, ಈ ಹಿರಿಯರ ಮೂಗು. ಅದೇ ನೋಟೀಸಿನ ಕೆಳಗೆ, ಸಣ್ಣ ಅಕ್ಷರದಲ್ಲಿ, ಪೂರ್ತಿ ಟಿಕೆಟ್ಟಿನ ಬೆಲೆಯನ್ನೂ ಏರಿಸಿದ್ರು. ಅದರಲ್ಲಿ ಯಾರಿಗೂ ಗೊಂದಲ ಇರಲಿಲ್ಲ.

ಯಾಕೆ ಸಾರ್ ಕುರ್ಚಿ ಸರಿಸ್ತಿದೀರಿ? ನಾನು ಯಾರ ಹೆಸರೂ ಹೇಳಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡಿ. ಈ ಮುಂದಿನ ಸಾಲಿನವರು ಒಬ್ಬರೂ ನನ್ನ ಕಿಟಕಿಗೆ ಬಂದವರಲ್ಲ. ನಿಮ್ಮದು ಪಾಸು. ಪಾಸಿಗೆ ವಯಸ್ಸಿಲ್ಲ, ಬೆಲೆ ಮೊದಲೇ ಇಲ್ಲ.

ಆ ಭಾನುವಾರ ಹಳೇ ಪ್ಲಂಬರ್ ತಾತ ಮೂರನೇ ಕಿಟಕಿಗೆ ಬಂದ್ರು, ಲೆಕ್ಕವಾಗಿ ಅರ್ಧ ಬೆಲೆಯ ಚಿಲ್ಲರೆ ಅಂಗೈಯಲ್ಲಿ ಇಟ್ಕೊಂಡು. ಅಣ್ಣನ ಬಾಯಿಂದ ‘ರದ್ದಾಗಿದೆ’ ಅನ್ನೋ ಮಾತು ಬರಲಿಲ್ಲ. ನಾನು ತೂತಿನಲ್ಲಿ ಕೇಳಿಸ್ಕೊಂಡೆ. ಅವರು ಅಂದಿದ್ದು, ‘ಅರ್ಧ ಮುಗಿದುಹೋಯ್ತು ಯಜಮಾನ್ರೇ. ಮುಂದಿನ ವಾರ ಬನ್ನಿ.’

ಯಾಕೆ ಹೀಗಂದ್ರಿ ಅಂತ ಕೇಳಿದೆ. ‘ಒಂದು ವಾರದಲ್ಲಿ ಇವರಿಗೆ ಬುದ್ಧಿ ಬರುತ್ತೆ ಕಣಮ್ಮ. ಅಷ್ಟರಲ್ಲಿ ಆ ಮನುಷ್ಯನ ಮುಖ ಯಾಕೆ ಕೆಡಿಸಲಿ’ ಅಂದ್ರು. ಒಂದು ವಾರ, ಎರಡು ವಾರ — ಐದು ವಾರ. ಬಂದವರಿಗೆಲ್ಲ ಅದೇ ಸುಳ್ಳು. ಮುಗಿದುಹೋಯ್ತು, ಮುಂದಿನ ವಾರ.

ಹಿರಿಯರು ಏನು ತಿಳ್ಕೊಂಡ್ರು? ಬೇಗ ಬಂದವರಿಗೆ ಸಿಗುತ್ತೆ ಅಂತ ತಿಳ್ಕೊಂಡ್ರು! ಮೊದಲನೇ ವಾರ ಒಂದು ಗಂಟೆ ಮುಂಚೆ ಬಂದ್ರು. ಆಮೇಲೆ ಎರಡು ಗಂಟೆ. ಕಳೆದ ಭಾನುವಾರ ಆಟ ಸಂಜೆ ನಾಲ್ಕಕ್ಕೆ — ನಾವು ಬೆಳಗ್ಗೆ ಎಂಟಕ್ಕೆ ಬಂದು ಬಾಗಿಲು ತೆಗೀತೀವಿ, ಮೂರನೇ ಕಿಟಕಿಯ ಮುಂದೆ ಸರದಿ ನಿಂತಿದೆ. ಇಪ್ಪತ್ತೆರಡು ಜನ. ಮಡಿಸೋ ಕುರ್ಚಿ ತಂದಿದಾರೆ, ನೀರಿನ ಬಾಟಲಿ ತಂದಿದಾರೆ. ಇಲ್ಲದ ಟಿಕೆಟ್ಟಿಗೆ.

ಅಣ್ಣ ಕಿಟಕಿಯ ಬಾಗಿಲು ತೆಗೆಯಲೇ ಇಲ್ಲ. ಹಲಗೆಯ ತೂತಿನಲ್ಲಿ ನನ್ನನ್ನ ಕರೆದ್ರು. ‘ನೋಡಮ್ಮ, ನನ್ನ ಸುಳ್ಳು ಸರದಿ ನಿಂತಿದೆ’ ಅಂದ್ರು.

ಆಮೇಲೆ ಹೊರಗೆ ಹೋಗಿ ಒಬ್ಬೊಬ್ಬರಿಗೂ ನಿಜ ಹೇಳಿ ಕ್ಷಮೆ ಕೇಳಿದ್ರು. ಸಮಿತಿಯ ಪರವಾಗಿ ಅಲ್ಲ, ತಮ್ಮ ಪರವಾಗಿ. ಕೆಲವರು ಬೈದ್ರು. ಪ್ಲಂಬರ್ ತಾತ ಕುರ್ಚಿ ಮಡಿಸ್ಕೊಂಡು ಹೊರಟುಹೋದ್ರು. ಬೈದಿದ್ರೆ ಎಷ್ಟೋ ವಾಸಿ ಇತ್ತು ಅಂತ ಅಣ್ಣ ಆಮೇಲೆ ಹೇಳಿದ್ರು.

ಆ ಮಧ್ಯಾಹ್ನವೇ ಅವರು ಒಂದು ಪತ್ರ ಬರೆದ್ರು. ಅರ್ಧ ಬೆಲೆ ವಾಪಸ್ ತನ್ನಿ, ಇಲ್ಲದಿದ್ರೆ ಮುಂದಿನ ಆಟಕ್ಕೆ ನಾವು ಕಿಟಕಿ ತೆರೆಯಲ್ಲ ಅಂತ. ಕೆಳಗೆ ಅವರ ಸಹಿ. ಗೇಟಿನವನ ಸಹಿ — ಹೌದು, ಅದೇ ಕಂಟ್ರಾಕ್ಟಿನ ಕಾವಲಿನವನು, ಎರಡನೇ ಸಹಿ ಅವನದು. ಹುಲ್ಲು ಕತ್ತರಿಸೋರದು. ಬಟ್ಟೆ ಒಗೆಯೋ ಅಮ್ಮನದು. ಆಮೇಲೆ ಆ ಪತ್ರ ತೂತಿನಲ್ಲಿ ನನ್ನ ಕಡೆ ಬಂತು.

ನಾನು ಸಹಿ ಹಾಕಲಿಲ್ಲ.

ಕೇಳಿಸ್ತಾ ಅತ್ತಿಗೆ? ನಾನು ಹಾಕಲಿಲ್ಲ. ನನಗೆ ಬಾಡಿಗೆ ಮನೆ ಇದೆ, ಓದೋ ಮಗಳಿದಾಳೆ, ಕೆಲಸ ಹೋದ್ರೆ ಅಂತ ಹೆದರಿದೆ. ‘ನಿಮಗೇನಣ್ಣ, ಇನ್ನೊಂದು ವರ್ಷಕ್ಕೆ ನಿವೃತ್ತಿ’ ಅಂದೆ. ಹತ್ತೊಂಬತ್ತು ವರ್ಷ ನನ್ನ ಚಿಲ್ಲರೆ ತಪ್ಪಿದಾಗೆಲ್ಲ ತೂತಿನಲ್ಲಿ ಕೈ ಹಾಕಿ ಸರಿ ಮಾಡಿದ ಮನುಷ್ಯನಿಗೆ ಈ ಮಾತು ಅಂದೆ. ಅವರು ಪತ್ರ ವಾಪಸ್ ತಗೊಂಡು ಮಡಿಸಿ ಅಂಗಿ ಜೇಬಿಗೆ ಹಾಕ್ಕೊಂಡ್ರು. ‘ಸರಿ ಬಿಡು, ನಿನ್ನ ಪೆನ್ನಲ್ಲಿ ಇಂಕ್ ಇರಲಿಲ್ಲ ಅಂದ್ಕೋತೀನಿ.’

ಅದು ಭಾನುವಾರ. ಮಂಗಳವಾರ ಬೆಳಗ್ಗೆ ಅಣ್ಣನ ಮಗಳು ಡ್ಯೂಟಿಗೆ ಹೊರಟಿದ್ಲು. ಅವಳು ಬಸ್ ಕಂಡಕ್ಟರ್, ಆ ಮನೆಯಲ್ಲಿ ಟಿಕೆಟ್ ಹರಿಯೋದು ವಂಶದ ಕಸುಬು. ಅವಳಿಗೆ ‘ಚಿಲ್ಲರೆ ಇಟ್ಕೊಂಡ್ಯಾ’ ಅಂತ ಕೇಳಿ, ಬಾಗಿಲ ಹತ್ರವೇ ಕುಸಿದ್ರು. ಡಾಕ್ಟರು ಹೃದಯ ಅಂದ್ರು. ನಾನು ಯಾರನ್ನೂ ಕೊಲೆಗಾರರು ಅಂತಿಲ್ಲ. ಆದ್ರೆ ಆ ಐದು ವಾರ ಆ ಹೃದಯದ ಪಕ್ಕ ಕೂತಿದ್ದವಳು ನಾನು, ಡಾಕ್ಟರಲ್ಲ.

ಇವತ್ತು ಬೆಳಗ್ಗೆ ಅತ್ತಿಗೆ ಆ ಪತ್ರ ನನ್ನ ಕೈಗೆ ಕೊಟ್ರು. ಆ ಅಂಗಿಯ ಜೇಬಿನಲ್ಲಿತ್ತಂತೆ. ಇಲ್ಲಿದೆ, ನೋಡಿ.

ಸಭೆಯ ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚಾಗಿದೆ — ಮೂರನೇ ಕಿಟಕಿಗೆ ಅವರ ಹೆಸರಿಡ್ತಾರಂತೆ, ಫಲಕ ಹಾಕ್ತಾರಂತೆ. ಬೇಡ ಸಾರ್. ಇದ್ದಾಗ ಅವರ ಫೋನ್ ಎತ್ತಿ ‘ನೋಡೋಣ’ ಅಂದವರು ಹೋದ ಮೇಲೆ ಹಿತ್ತಾಳೆ ಅಕ್ಷರ ಕೆತ್ತಿಸಬೇಡಿ. ಮುಚ್ಚಿದ ಕಿಟಕಿಗೆ ಹೆಸರು ಯಾಕೆ? ಆ ಕಿಟಕಿ ತೆಗೀರಿ. ಅಲ್ಲಿ ಅರ್ಧ ಟಿಕೆಟ್ ಕೊಡಿ. ಮುದ್ರೆ ನನ್ನ ಹತ್ರ ಇದೆ, ಅವರ ಮೇಜಿನ ಡ್ರಾಯರಿನಿಂದ ನಾನೇ ತೆಗೆದಿಟ್ಕೊಂಡಿದೀನಿ. ಕದ್ದಿದೀನಿ ಅಂದ್ರೂ ಸರಿ.

ಒಂದು ನಿಮಿಷ. — ಇಂಕ್ ಇದೆ. — ಸಹಿ ಹಾಕಿದೆ. ತಡ ಆಯ್ತು ಅಣ್ಣ.

ಪತ್ರ ಬಾಗಿಲ ಹತ್ರದ ಮೇಜಿನ ಮೇಲಿಡ್ತೀನಿ. ಹೋಗುವಾಗ ಹಾಕೋರು ಹಾಕಿ. ಕೊನೆಗೆ ಜಾಗ ಬಿಟ್ಟಿರ್ತೀನಿ, ಅಧ್ಯಕ್ಷರಿಗೆ.

ಇನ್ನು ಕೊನೇದು. ಈ ಹಾಳೆಯಲ್ಲಿ ಹೀಗೂ ಇದೆ, ನಾನು ಓದಿದ್ದು ತಪ್ಪಾ ಅಂತ ಎರಡು ಸಲ ನೋಡಿದೆ: ‘ಸಮಯದ ಅಭಾವದಿಂದ ಅರ್ಧ ನಿಮಿಷ ಮೌನ.’

ಅರ್ಧ! ಅವರಿಗೆ ಕೊಡೋಕೆ ಮಾತ್ರ ನಿಮ್ಮ ಹತ್ರ ಅರ್ಧ ಉಳಿದಿತ್ತು, ಅಲ್ವಾ?

ಆಗಲ್ಲ. ಇವತ್ತು ಪೂರ್ತಿ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ, ಪೂರ್ತಿ ಒಂದು ನಿಮಿಷ. ಮುಂದಿನ ಸಾಲಿನವರೂ. ನಿಲ್ಲೋಕೆ ಕಷ್ಟ ಆಗೋ ಹಿರಿಯರು ಕೂತೇ ಇರಿ. ಇಲ್ಲಿ ಯಾರೂ ನಿಮ್ಮ ವಯಸ್ಸು ಕೇಳಲ್ಲ, ಅರ್ಧಕ್ಕೆ ಎಬ್ಬಿಸಿ ಯಾರೂ ಹೊರಗೆ ಕಳಿಸಲ್ಲ.