ಸಿಗ್ನಲ್ ಬರುವವರೆಗೆ

ಅಮೆರಿಕದ ಸೌತ್‌ಫೀಲ್ಡ್‌ನಲ್ಲಿ ಕಾರಿನ ಆಯಿಲ್ ಬದಲಿಸುವ ಅಂಗಡಿ. ಕಾದು ಕಾದು ಕಣ್ಣು ಮುಚ್ಚಿದ್ದ ಸರೋಜಳ ಕಿವಿಗೆ ಕನ್ನಡ ಬಿತ್ತು. ಎದುರಿನ ಬೆಂಚಿನಲ್ಲಿ ನರೆತ ಮೀಸೆಯವರೊಬ್ಬರು, ಪಕ್ಕದಲ್ಲೊಬ್ಬ ಹುಡುಗಿ.

“ಸೋಮವಾರ ಇಂಟರ್‌ವ್ಯೂ ಐತಿ ಗಗನಾ, ಕಾರಿನ ನೆಟ್‌ವರ್ಕ್ ಟೆಸ್ಟಿಂಗ್‌ಗೆ. ಎಂಜಿನ್ ವಿಭಾಗದ ಕೆಲಸ ಹೋಗೇತಿ, ಇದೂ ತಪ್ಪಿದ್ರ ವೀಸಾ ಮುಗೀತು. ಮೂರು ವಾರದಿಂದ ಫೈವ್‌ಜಿ ನಿಯಮಗಳ ಸಾವಿರಾರು ಪುಟದ ಸ್ಟ್ಯಾಂಡರ್ಡ್ ಓದಾಕ ಹತ್ತೀನಿ.”

“ಎಲ್ಲೀವರೆಗೆ ಬಂದ್ರಿ ಬಸಯ್ಯ ಅಂಕಲ್?”

“ಇನ್ನೂ ಶಬ್ದಗಳ ಪಟ್ಟಿಯೊಳಗ ಅದೀನಿ.”

“ಅದನ್ನ ನೆಟ್‌ವರ್ಕ್ ಕೆಲಸದಲ್ಲಿರೋ ನಾವೇ ಪೂರ್ತಿ ಓದಿಲ್ಲ ಅಂಕಲ್. ಫೋನ್ ಆನ್ ಮಾಡಿದಾಗಿಂದ ಸಿಗ್ನಲ್ ಬರೋ ತನಕ ಏನೇನಾಗುತ್ತೆ, ಅಷ್ಟನ್ನೇ ಹುಡುಕಿ ಓದಿ.”

“ಕೀಲಿ ತಿರುವಿದ್ರ ಎಂಜಿನ್ನಾಗ ಏನಾಗ್ತದ ಅಂತ, ಇಪ್ಪತ್ತು ವರ್ಷ ಹೊಸಬರಿಗೆ ಹಂಗ ಕಲಿಸೀನಿ ನಾ.”

“ಮತ್ತೆ?”

ಕಾರು ಸಿದ್ಧವೆಂದು ಕೌಂಟರಿನಿಂದ ಗಗನಾಳಿಗೆ ಕರೆ ಬಂತು. ಬಸಯ್ಯ ಎದ್ದು, ಫೋನ್ ಆಫ್ ಮಾಡಿ ಮತ್ತೆ ಆನ್ ಮಾಡಿ, ಪರದೆಯನ್ನೇ ನೋಡುತ್ತ ಗಗನಾಳ ಹಿಂದೆ ನಡೆದರು.